ಏಜೆಂಟ್ ಆಗುವ ಮುನ್ನ ಕಂಪನಿಯ ಕಾಗದ ನೋಡಿ

ಮೈಸೂರಿನ ವಿ.ವಿ. ಮೊಹಲ್ಲಾದಲ್ಲೋ ಮಂಡ್ಯದ ನೂರಡಿ ರಸ್ತೆಯಲ್ಲೋ ಹೊಸ ಬೋರ್ಡು ಹಾಕಿದ ಫೈನಾನ್ಸ್ ಕಚೇರಿಗೆ ಮೊದಲು ಬೇಕಾಗುವುದು ಊರಿನವರು ನಂಬುವ ಏಜೆಂಟರು. ಜನ ದುಡ್ಡು ಕಟ್ಟುವುದು ಪರಿಚಯದ ಮುಖ ನೋಡಿ. ಕಚೇರಿಗೆ ಬೀಗ ಬಿದ್ದ ದಿನ ಅವರೆಲ್ಲ ಬರುವುದು ಆ ಏಜೆಂಟರ ಮನೆಗೇ. ಹಾಗಾಗಿ ಕಮಿಷನ್ ಎಷ್ಟು ಎಂದು ಕೇಳುವ ಮುಂಚೆ ಇಷ್ಟನ್ನು ನೋಡಿಕೊಳ್ಳಿ.

ಮೊದಲು, ವ್ಯವಹಾರ ಚೀಟಿಯೋ ಠೇವಣಿಯೋ ಕೇಳಿ. ಚೀಟಿಯಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ಪ್ರತಿಯೊಂದು ಚೀಟಿಗೂ ಮುಂಚಿತ ಮಂಜೂರಾತಿ ಮತ್ತು ನೋಂದಣಿ ಬೇಕು. ಕಂಪನಿಯ ನೋಂದಣಿ ಪತ್ರ ತೋರಿಸಿದರೆ ಸಾಲದು, ನೀವು ಜನ ಸೇರಿಸುವ ಆ ಚೀಟಿಯ ಸಂಖ್ಯೆಯನ್ನೇ ಕೇಳಿ. ಚೀಟಿ ನಡೆಸುವವರ ಕಮಿಷನ್‌ಗೆ ಮಿತಿ ಶೇ 7.

ಠೇವಣಿಯಾದರೆ ಇನ್ನೂ ಎಚ್ಚರ ಬೇಕು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿರುವ ಹಣಕಾಸು ಕಂಪನಿಗಳಲ್ಲೂ ಹೆಚ್ಚಿನವಕ್ಕೆ ಸಾರ್ವಜನಿಕರ ಠೇವಣಿ ಪಡೆಯುವ ಅನುಮತಿ ಇಲ್ಲ. ಅನುಮತಿ ಇರುವವೂ ವರ್ಷಕ್ಕೆ ಶೇ 12.5ಕ್ಕಿಂತ ಹೆಚ್ಚು ಬಡ್ಡಿ ಕೊಡುವಂತಿಲ್ಲ. ‘ತಿಂಗಳಿಗೆ ಐದು ಪರ್ಸೆಂಟ್’ ಅಂದರೆ ವರ್ಷಕ್ಕೆ ಶೇ 60. ಅಲ್ಲಿಂದ ಎದ್ದು ಬನ್ನಿ. ಅನುಮತಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ಹುಡುಕಬಹುದು.

‘ನಾನು ಬರೀ ಏಜೆಂಟು’ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅನಿಯಂತ್ರಿತ ಠೇವಣಿ ಯೋಜನೆಗಳ 2019ರ ನಿಷೇಧ ಕಾಯ್ದೆಯ ಪ್ರಕಾರ, ಗೊತ್ತಿದ್ದೂ ಸುಳ್ಳು ಭರವಸೆ ಕೊಟ್ಟು ಜನರನ್ನು ಸೇರಿಸಿದ ಯಾರಿಗೇ ಆದರೂ 1ರಿಂದ 5 ವರ್ಷ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ.

ಆಮೇಲೆ ರಸೀದಿ ಪುಸ್ತಕ ತೆರೆಯಿರಿ. ಮೇಲೆ ಅಚ್ಚಾದ ಹೆಸರು, ಕೆಳಗಿನ ರಬ್ಬರ್ ಮುದ್ರೆಯ ಹೆಸರು, ಹಣ ಜಮೆಯಾಗುವ ಬ್ಯಾಂಕ್ ಖಾತೆಯ ಹೆಸರು ಮೂರೂ ಅಕ್ಷರಶಃ ಒಂದೇ ಇರಬೇಕು. ಬೋರ್ಡಿನಲ್ಲಿ ‘ಲಿಮಿಟೆಡ್’, ಮುದ್ರೆಯಲ್ಲಿ ‘ಎಂಟರ್‌ಪ್ರೈಸಸ್’ ಇದ್ದರೆ ದುಡ್ಡು ಬೇರೆ ಕಡೆ ಹೋಗುತ್ತಿದೆ ಎಂದೇ ಅನುಮಾನಿಸಿ. ವಸೂಲಿ ಹಣವನ್ನು ನಿಮ್ಮ ಸ್ವಂತ ಫೋನ್‌ಪೇಗೆ ಹಾಕಿಸಿಕೊಳ್ಳಲೇಬೇಡಿ. ಒಂದು ದೂರು ದಾಖಲಾದರೂ ನಿಮ್ಮ ಖಾತೆಯೇ ತಡೆಹಿಡಿಯಲ್ಪಡಬಹುದು, ಸಂಬಳವೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ.

ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ 21 ಅಕ್ಷರಗಳ ಗುರುತಿನ ಸಂಖ್ಯೆ ಹಾಕಿ ನೋಡಿ. ಯಾವಾಗ ಶುರುವಾಯಿತು, ಕೊನೆಯ ಲೆಕ್ಕಪತ್ರ ಯಾವ ವರ್ಷದ್ದು ಎಂಬುದು ಕಾಣುತ್ತದೆ. ‘ಹೆಸರಿಗಷ್ಟೇ ಡೈರೆಕ್ಟರ್ ಆಗಿ’ ಎಂದು ಆಧಾರ್, ಪ್ಯಾನ್ ಕೇಳಿದರೆ ಒಪ್ಪಬೇಡಿ. ಕಂಪನಿ ಸತತ ಮೂರು ವರ್ಷ ಲೆಕ್ಕಪತ್ರ ಸಲ್ಲಿಸದಿದ್ದರೆ ಅದರ ನಿರ್ದೇಶಕರು ಐದು ವರ್ಷ ಅನರ್ಹರು. ಮುಂದೆ ನೀವೇ ಒಂದು ಕಂಪನಿ ಮಾಡಹೊರಟರೂ ಅದು ಅಡ್ಡ ಬರುತ್ತದೆ.

ಖಾಲಿ ಚೆಕ್, ಮೂಲ ಅಂಕಪಟ್ಟಿ ಯಾವುದನ್ನೂ ಭದ್ರತೆಗೆಂದು ಕೊಡಬೇಡಿ. ಜಾಮೀನಿಗೆ ಸಹಿ ಹಾಕಿದರೆ ಸಾಲಗಾರನಷ್ಟೇ ಹೊಣೆ ನಿಮ್ಮದೂ.

ಸಂಬಳದ ಕೆಲಸಕ್ಕೆ ಈಗಾಗಲೇ ಸೇರಿದ್ದರೆ ಪಿಎಫ್ ಪಾಸ್‌ಬುಕ್ ನೋಡುತ್ತಿರಿ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ಹಣ ಕಡಿದುಕೊಂಡು ಕಟ್ಟದ ಕಂಪನಿ ಉಳಿದ ಕಡೆ ನೆಟ್ಟಗಿರುವುದು ಅಪರೂಪ. ಮುಂದಿನ ಕೆಲಸಕ್ಕೆ ಹೋದಾಗ ಅನುಭವ ಪರಿಶೀಲಿಸುವವರು ಆ ದಾಖಲೆಯನ್ನೂ ಕೇಳಬಹುದು.

ಅನುಮಾನ ಖಚಿತವಾದರೆ ಆ ದಿನದಿಂದಲೇ ವಸೂಲಿ ನಿಲ್ಲಿಸಿ, ರಾಜೀನಾಮೆಯನ್ನು ಇಮೇಲ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ರಸೀದಿ ಪುಸ್ತಕಗಳ ಪ್ರತಿ ಹಾಳೆಯ ಫೋಟೊ ತೆಗೆದಿಟ್ಟುಕೊಂಡೇ ಹಿಂದಿರುಗಿಸಿ. ಸ್ವೀಕೃತಿ ಪತ್ರದಲ್ಲಿ ಬಳಸದೆ ಉಳಿದ ರಸೀದಿಗಳ ಕ್ರಮಸಂಖ್ಯೆ ಬರೆಸಿಕೊಳ್ಳಿ. ಇಲ್ಲದಿದ್ದರೆ ನೀವು ಬಿಟ್ಟ ಮೇಲೂ ನಿಮ್ಮ ಹೆಸರಿನ ಪುಸ್ತಕದಲ್ಲೇ ರಸೀದಿ ಹರಿಯಬಹುದು.