ಅಡಿಕೆ ಪಟ್ಟಿ ಇಟ್ಟು ಮನೆ ಸಾಲ ಮಾಡಿಸಿದ್ದು

"ತೋಟದ ದುಡ್ಡು ನೋಡಿ ಯಾವ ಬ್ಯಾಂಕೂ ಮನೆ ಸಾಲ ಕೊಡಲ್ಲ ಮಾರಾಯಾ" ಎಂದು ಭಾವ ಹೇಳಿದ್ದರು. ಗೋಪಾಳದ ನಮ್ಮ ಮನೆಯ ಗೃಹಪ್ರವೇಶದಲ್ಲಿ ಮೊದಲ ಪಂಕ್ತಿಗೇ ಕೂತಿದ್ದವರು ಅವರು.

ಮೊದಲು ಸೋತಿದ್ದು ಹೇಳುತ್ತೇನೆ. ಶಿವಮೊಗ್ಗದಲ್ಲಿ ನನ್ನದು ಸಣ್ಣ ಅಂಗಡಿ, ಐಟಿಆರ್‌ನಲ್ಲಿ (ಆದಾಯ ತೆರಿಗೆ ರಿಟರ್ನ್) ತೋರಿಸಿದ ಆದಾಯ 3 ಲಕ್ಷ ಚಿಲ್ಲರೆ. ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ. ಸಿಕ್ಕಿದ ಮೊದಲ ಏಜೆಂಟ್ ಫೈಲ್ ಚಾರ್ಜ್ ಅಂತ 12 ಸಾವಿರ ಇಸಿದುಕೊಂಡ. ಒಂದೇ ವಾರದಲ್ಲಿ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಿದ. ನಾಲ್ಕೂ ವಾಪಸ್. ಎನ್ಕ್ವೈರಿ ಮೇಲೆ ಎನ್ಕ್ವೈರಿ ಬಿದ್ದು ಸಿಬಿಲ್ (ಸಾಲ ತೀರಿಸುವ ನಂಬಿಕೆಯ ಅಂಕ) 760ರ ಹತ್ತಿರ ಇದ್ದದ್ದು 720ರ ಆಸುಪಾಸಿಗೆ ಬಂತು. ದುಡ್ಡಂತೂ ಹೋಯಿತು.

ಆಮೇಲೆ ಏಜೆಂಟರ ಬೋರ್ಡ್ ನೋಡಿ ಹೋಗುವುದನ್ನೇ ಬಿಟ್ಟೆ. ಬ್ಯಾಂಕಿಗೆ ಲೀಗಲ್ ಒಪೀನಿಯನ್ ಕೊಡುವ ವಕೀಲರು, ವ್ಯಾಲ್ಯುಯೇಷನ್ ಮಾಡುವ ಎಂಜಿನಿಯರ್, ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರೆಯುವವರು, ಮೂವರನ್ನೂ ಒಂದೇ ಪ್ರಶ್ನೆ ಕೇಳಿದೆ: "ಯಾವ ಏಜೆಂಟರ ಫೈಲ್ ಕೊರತೆ ಇಲ್ಲದೆ ಬರುತ್ತೆ?" ಇಬ್ಬರು ಒಂದೇ ಹೆಸರು ಹೇಳಿದರು.

ಆ ಏಜೆಂಟ್ ಮುಂಗಡ ಕೇಳಲಿಲ್ಲ. "ನಮಗೆ ಕಮಿಷನ್ ಬ್ಯಾಂಕೇ ಕೊಡುತ್ತೆ ಸರ್. ತೋಟ ಯಾರಿಗೆ ಕೊಟ್ಟಿದೀರಿ?" ಎಂದರು. ಚೇಣಿಗೆ, ಅಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ ಎಂದೆ. ತಲೆ ಚಚ್ಚಿಕೊಂಡರು! ಚೇಣಿಯವರು ಕೈಗೆ ನಗದು ಕೊಡುತ್ತಾರೆ, ಕಾಗದವೇ ಇರುವುದಿಲ್ಲ ಅಲ್ವಾ. ಅಲ್ಲಿಂದ ಎರಡು ಕೊಯ್ಲು ನಾನೇ ಮಾಡಿಸಿದೆ. ಬೇಯಿಸಿ ಒಣಗಿಸಿ ರಾಶಿ ಅಡಿಕೆಯನ್ನು ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೆ ಹಾಕಿದೆ. ದುಡ್ಡು ಖಾತೆಗೇ ಬಂತು, ಪಟ್ಟಿಯೂ (ಮಾರಾಟದ ಬಿಲ್) ಸಿಕ್ಕಿತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಐಟಿಆರ್‌ನಲ್ಲಿ ಬಿಡುತ್ತಿದ್ದೆ, ಅದನ್ನೂ ತೋರಿಸಿದೆ. ಪಹಣಿ, ಪಟ್ಟಿ, ಪಾಸ್‌ಬುಕ್ ಮೂರೂ ತಾಳೆ ಆಯಿತು. ಪಟ್ಟಿಗಳ ಮೇಲೆ ಇನ್ನೊಂದು ಹಾಳೆ ಇಟ್ಟಿದ್ದೆವು. ಅದರಲ್ಲಿ ಏನಿತ್ತು ಅಂತ ಮಾತ್ರ ಕೇಳಬೇಡಿ, ಅದು ಅವರ ಅನ್ನ.

ಅಷ್ಟಾದರೂ ಒಂದು ಕಡೆ ಸಿಕ್ಕಿಬಿದ್ದೆ. ಕ್ರಯಪತ್ರದ ಚೆಕ್ಕುಬಂದಿಯೇ (ಜಾಗದ ನಾಲ್ಕು ದಿಕ್ಕಿನ ಗಡಿ) ಬೇರೆ, ಇ-ಖಾತಾದಲ್ಲಿರುವುದೇ ಬೇರೆ. ತಿದ್ದುಪಡಿ ಪತ್ರಕ್ಕೆ ಒಂದೂವರೆ ತಿಂಗಳು, ಓಡಾಟ ಸೇರಿ ಹತ್ತು ಸಾವಿರದ ಹತ್ತಿರ ಹೋಯಿತು.

ಕೊನೆಗೆ 25 ಲಕ್ಷ ಮಂಜೂರಾಯಿತು. 15 ವರ್ಷ, ಬಡ್ಡಿ ಎಂಟೂಮುಕ್ಕಾಲು, ಕಂತು 25 ಸಾವಿರಕ್ಕೆ ಸ್ವಲ್ಪ ಕಮ್ಮಿ. ಸಹಿ ಹಾಕುವ ದಿನ 90 ಸಾವಿರದ ವಿಮೆಯನ್ನೂ ಸಾಲಕ್ಕೇ ಸೇರಿಸಲು ನೋಡಿದರು. ಕಡ್ಡಾಯ ಅಂತ ಬರೆದುಕೊಡಿ ಎಂದೆ. ಸುಮ್ನಾದರು. ಹೊರಗೆ ಟರ್ಮ್ ಪಾಲಿಸಿ ಮಾಡಿಸಿದೆ.

ಇನ್ನೊಂದು ಪ್ರಯೋಗ ನಡೀತಾ ಇದೆ. ಫ್ಲೋಟಿಂಗ್ ಬಡ್ಡಿ ಆದ್ದರಿಂದ ಮುಂಚೆ ಕಟ್ಟಿದರೆ ದಂಡ ಇಲ್ಲ. ಹೋದ ಕೊಯ್ಲು ಮುಗಿದ ಮೇಲೆ ಅಸಲಿಗೆ 1 ಲಕ್ಷ ಕಟ್ಟಿದೆ. ಕಂತು ಹಾಗೇ ಇರಲಿ, ಅವಧಿ ಇಳಿಸಿ ಎಂದೆ. ಹೆಚ್ಚುಕಮ್ಮಿ ಒಂದು ವರ್ಷ ಇಳಿಯಿತು. ಈ ಸಲವೂ ಕಟ್ಟಬೇಕು ಅಂತಿದ್ದೆ, ಆದರೆ ತೋಟದಲ್ಲಿ ಕೊಳೆ ರೋಗ ಜಾಸ್ತಿ ಆಗಿದೆ. ಎರಡು ಸಲ ಬೋರ್ಡೋ ದ್ರಾವಣ ಹೊಡೆಸಿದರೂ ಕಾಯಿ ಉದುರ್ತಾನೇ ಇದೆ.