ನಿಶಾಪುರದ ಅಕ್ಷರದ ಬಟ್ಟಲು ಮಾಡುವುದು ಹೀಗೆ

ಇರಾನಿನ ನಿಶಾಪುರ, ಉಜ್ಬೇಕಿಸ್ತಾನದ ಸಮರ್‌ಖಂಡ್. 10ನೇ ಶತಮಾನದಲ್ಲಿ, ಸಾಮಾನಿ ಮನೆತನದ ಅರಸರ ಕಾಲಕ್ಕೆ, ಈ ಊರುಗಳ ಕುಂಬಾರರು ಮಾಡಿದ ಬಟ್ಟಲುಗಳ ಚಿತ್ರ ನೋಡಿದ್ದೀರಾ? ಬಿಳಿ ಮೈ, ಅಂಚಿನ ಸುತ್ತ ಕಪ್ಪು ಕೂಫಿ (ಅರಬಿ ಲಿಪಿಯ ಒಂದು ಹಳೆಯ ಶೈಲಿ) ಅಕ್ಷರ, ಅಷ್ಟೇ. ಎಷ್ಟು ಚೆಂದ ಅಲ್ವಾ! ಆ ಬಿಳುಪು ಮೇಲಿನ ಒಂದು ಪದರ ಮಾತ್ರ, ಒಳಗಿರುವುದು ಸಾಧಾರಣ ಮಡಕೆ ಮಣ್ಣು.

ಸಾವಿರ ವರ್ಷವಾದರೂ ಅಕ್ಷರದ ಅಂಚು ಕದಡಿಲ್ಲ. ಬರೀ ಬಣ್ಣದಲ್ಲಿ ಬರೆದು ಮೇಲೆ ಸೀಸದ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಾಕಿದರೆ, ಗೂಡಿನಲ್ಲಿ ಗ್ಲೇಜ್ ಕರಗಿ ಹರಿಯುವಾಗ ಬಣ್ಣವನ್ನೂ ಎಳೆದುಕೊಂಡು ಹೋಗುತ್ತದೆ. ಅವರು ಬಣ್ಣವನ್ನು ನುಣ್ಣನೆ ಮಣ್ಣಿನಲ್ಲಿ ಕಲಸಿ ಬರೆದರು. ಈ ತೆಳು ಮಣ್ಣಿಗೇ ಸ್ಲಿಪ್ ಎನ್ನುವುದು.

ಮೊದಲು ತಿಗರಿಯಲ್ಲಿ ಅಗಲ ಬಾಯಿಯ ಬಟ್ಟಲು ಮಾಡಿ, ಅರೆ ಒಣಗಲು ಬಿಡಿ. ಬೆರಳಲ್ಲಿ ಒತ್ತಿದರೆ ತಗ್ಗಾಗಬಾರದು, ಉಗುರು ಊರಿದರೆ ಗೆರೆ ಮೂಡಬೇಕು. ಬಿಳಿ ಜೇಡಿಯನ್ನು ನೀರಲ್ಲಿ ಕದಡಿ, ಜರಡಿ ಹಿಡಿದು, ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಮಾಡಿಕೊಂಡು ಬಟ್ಟಲಿಗೆ ಸುರಿದು, ತಿರುಗಿಸಿ, ಚೆಲ್ಲಿಬಿಡಿ. ಬಟ್ಟಲು ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಪದರ ಚಕ್ಕೆಯಾಗಿ ಏಳುತ್ತದೆ.

ಕಪ್ಪಿಗೆ, 100 ಗ್ರಾಂ ಒಣ ಕೆಂಪು ಜೇಡಿಗೆ 10 ಗ್ರಾಂ ಕಬ್ಬಿಣದ ಆಕ್ಸೈಡ್, 5 ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ ಅರೆಯಿರಿ. ಪುಡಿ ಉಸಿರಿಗೆ ಹೋಗಬಾರದು, ಮಾಸ್ಕ್ ಬೇಕೇ ಬೇಕು. ಒಂದು ತುಂಡಿನ ಮೇಲೆ ಬರೆದು ಸುಟ್ಟು ನೋಡಿಕೊಳ್ಳಿ.

ಬರೆಯುವ ಕೆಲಸಕ್ಕೆ ಜಾಸ್ತಿ ಹೊತ್ತು ಕೊಡಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿರುವ ಒಂದು ಬಟ್ಟಲಿನ ಮೇಲೆ, ಕೆಲಸಕ್ಕೆ ಮುಂಚೆ ಯೋಚಿಸಿದರೆ ಆಮೇಲೆ ಪರಿತಪಿಸಬೇಕಿಲ್ಲ ಎಂಬ ಅರ್ಥದ ಅರಬಿ ಮಾತಿದೆ. ನೀವೂ ಅಂಚನ್ನು ಎಂಟು ಭಾಗ ಮಾಡಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಎಲ್ಲಿ ಯಾವ ಅಕ್ಷರ ಎಂದು ಮೊದಲೇ ಲೆಕ್ಕ ಹಾಕಿ. ಇಲ್ಲದಿದ್ದರೆ ಕೊನೆಯ ಪದಕ್ಕೆ ಜಾಗವೇ ಇರುವುದಿಲ್ಲ. ಕೂಫಿಯ ಉದ್ದ ಕಡ್ಡಿಗಳು ಬಟ್ಟಲಿನ ನಡುವಿನ ಕಡೆ ಮುಖ ಮಾಡಲಿ. ಕನ್ನಡದಲ್ಲಿ ಬರೆಯುವವರು ಒತ್ತಕ್ಷರಕ್ಕೂ ಜಾಗ ಬಿಡಿ. ಕಪ್ಪಿನ ಹೊಳಪು ಹೋದ ಮೇಲೆ ಚೂಪು ಕಡ್ಡಿಯಿಂದ ಅಂಚುಗಳನ್ನು ಕೆರೆದು ತಿದ್ದಿ. ಆ ಕುಂಬಾರರೂ ಹೀಗೇ ತಿದ್ದುತ್ತಿದ್ದರು.

ನಿಧಾನವಾಗಿ ನೆರಳಲ್ಲಿ ಒಣಗಿಸಿ, ಸುಮಾರು 950 ಡಿಗ್ರಿಯಲ್ಲಿ ಸುಡಿ. ಆಮೇಲೆ ಸೀಸವಿಲ್ಲದ ಪಾರದರ್ಶಕ ಗ್ಲೇಜನ್ನು ತೆಳ್ಳಗೆ ಹಚ್ಚಿ. ದಪ್ಪವಾದರೆ ಮಂಜು ಕವಿದಂತಾಗಿ ಅಕ್ಷರ ಮಸುಕಾಗುತ್ತದೆ. ಗ್ಲೇಜಿನ ಪೊಟ್ಟಣದ ಮೇಲೆ ಬರೆದಿರುವ ಶಾಖಕ್ಕೆ ಇನ್ನೊಮ್ಮೆ ಸುಡಿ, ಗೂಡು ಪೂರ್ತಿ ತಣ್ಣಗಾಗುವ ತನಕ ಬಾಗಿಲು ತೆಗೆಯಬೇಡಿ.