ಪಾಳುಬಿದ್ದ ಗಾಳಿಗಿರಣಿ: ಕೈ ಹಚ್ಚುವ ಮೊದಲು ದಾಖಲಿಸುವ ಬಗೆ

ಇಂಗ್ಲೆಂಡಿನ ನಾರ್ಫಕ್, ಲಿಂಕನ್‌ಶೈರ್, ಸಾಮರ್ಸೆಟ್ ಕಡೆ ಹೊಲಗಳ ನಡುವೆ ಮೇಲ್ಛಾವಣಿಯಿಲ್ಲದ ದುಂಡನೆಯ ಗೋಪುರ ಕಂಡರೆ, ಅದು ಹಳೆಯ ಗಾಳಿಗಿರಣಿ ಇರಬಹುದು. ರೆಕ್ಕೆ, ಅದನ್ನು ಹೊತ್ತು ನೆತ್ತಿಯ ಮೇಲೆ ತಿರುಗುವ ಮರದ ಟೊಪ್ಪಿ, ಹಲ್ಲುಚಕ್ರ ಎಲ್ಲ ಹೋಗಿದ್ದರೂ ಬರೀ ಗೋಡೆಯಿಂದ ಎಷ್ಟೋ ತಿಳಿಯುತ್ತದೆ. ಬಳ್ಳಿ ಕಿತ್ತು, ಮಣ್ಣು ಎತ್ತಿ ಹಸನು ಮಾಡಿಬಿಟ್ಟರೆ ಆ ಗುರುತುಗಳು ಮತ್ತೆ ಸಿಗುವುದಿಲ್ಲ. ಆದ್ದರಿಂದ ಮೊದಲು ದಾಖಲೆ, ದುರಸ್ತಿ ಆಮೇಲೆ.

ಹೊರಡುವ ಮುನ್ನ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಆರ್ಡ್‌ನೆನ್ಸ್ ಸರ್ವೆ ಎಂಬ ಬ್ರಿಟನ್ನಿನ ನಕ್ಷೆ ಸಂಸ್ಥೆಯ 1:2500 ಪ್ರಮಾಣದ ಹಳೆಯ ನಕ್ಷೆಗಳನ್ನು ನೋಡಿ. ಒಂದು ಮುದ್ರಣದಲ್ಲಿ ‘ವಿಂಡ್‌ಮಿಲ್’ ಎಂದಿದ್ದು ಮುಂದಿನದರಲ್ಲಿ ‘ಡಿಸ್‌ಯೂಸ್ಡ್’ (ಬಳಕೆಯಲ್ಲಿಲ್ಲ) ಎಂದಿದ್ದರೆ, ಗಿರಣಿ ಕೆಲಸ ನಿಲ್ಲಿಸಿದ್ದು ಆ ನಡುವಿನ ವರ್ಷಗಳಲ್ಲಿ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದೆಯೇ ಎಂದು ಪರಂಪರೆ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡ್‌ನ ತಾಣದಲ್ಲಿ ಗೊತ್ತಾಗುತ್ತದೆ. ಜಮೀನಿನ ಮಾಲೀಕರ ಒಪ್ಪಿಗೆ ಪಡೆದೇ ಹೋಗಿ. ಒಳಗೆ ತೊಲೆಗಳು ಉಳಿದಿದ್ದರೆ ಅವುಗಳ ಕೆಳಗೆ ನಿಲ್ಲಬೇಡಿ, ಹತ್ತುವುದಂತೂ ಬೇಡವೇ ಬೇಡ: ಮೇಲೆ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಹೋದ ತುದಿಯೇ ಮೊದಲು ಕೊಳೆಯುವುದು.

ಒಳವ್ಯಾಸವನ್ನು ಕನಿಷ್ಠ ಮೂರು ದಿಕ್ಕಿನಲ್ಲಿ ಅಳೆಯಿರಿ; ಈ ಗೋಪುರಗಳು ಪೂರ್ತಿ ದುಂಡಗಿರುವುದು ಕಡಿಮೆ. ಗೋಡೆಯ ದಪ್ಪ ಬಾಗಿಲ ಬಳಿ ಸಿಗುತ್ತದೆ. ಎದುರುಬದುರಾಗಿ ಎರಡು ಬಾಗಿಲಿದ್ದರೆ ಎರಡನ್ನೂ ಗುರುತು ಹಾಕಿ. ರೆಕ್ಕೆಗಳು ಒಂದರ ಮುಂದೆ ತಿರುಗುವಾಗ ಇನ್ನೊಂದರಿಂದ ಓಡಾಡಲೆಂದು ಹಾಗೆ ಇಡುತ್ತಿದ್ದರು. ದಿಕ್ಸೂಚಿಯನ್ನು ಕಬ್ಬಿಣದಿಂದ ದೂರ ಹಿಡಿಯಿರಿ, ಇಲ್ಲವಾದರೆ ಉತ್ತರವೇ ತಪ್ಪುತ್ತದೆ.

ಗೋಡೆಯಲ್ಲಿರುವ ತೊಲೆಯ ಗೂಡುಗಳ ಸಾಲುಗಳಿಂದ ಅಂತಸ್ತುಗಳ ಲೆಕ್ಕ ಸಿಗುತ್ತದೆ. ದೊಡ್ಡ ಗೂಡುಗಳ ಸಾಲು ಕಂಡರೆ ಅಲ್ಲಿ ಬೀಸುವ ಕಲ್ಲುಗಳಿದ್ದಿರಬಹುದು; ಒಂದೊಂದು ಕಲ್ಲು ಸುಮಾರು ಒಂದು ಟನ್ ತೂಗುತ್ತಿತ್ತು. ಗೂಡಿನ ಅಂಚು ಸುಟ್ಟು ಕರಿಯಾಗಿದ್ದರೆ ತಪ್ಪದೆ ಬರೆದುಕೊಳ್ಳಿ. ಬಿರುಗಾಳಿಯಲ್ಲಿ ಮರದ ಬ್ರೇಕ್ ಉಜ್ಜಿ ಕಾವು ಏರಿ ಬೆಂಕಿ ಹತ್ತಿಕೊಳ್ಳುವುದಿತ್ತು.

ಗೋಪುರದ ನೆತ್ತಿಯನ್ನು ಕೆಳಗಿನಿಂದಲೇ ದುರ್ಬೀನಿನಲ್ಲಿ ನೋಡಿ. ಅಲ್ಲಿನ ಬಳೆಗೆ ಕಬ್ಬಿಣದ ಹಲ್ಲುಗಳಿದ್ದರೆ, ಟೊಪ್ಪಿಯನ್ನು ಹಲ್ಲುಚಕ್ರದ ಮೂಲಕ ಗಾಳಿ ಬರುವ ಕಡೆಗೆ ತಿರುಗಿಸುತ್ತಿದ್ದರೆಂದು ಅರ್ಥ. ಅದು ಕೆಳಗಿನಿಂದ ಸರಪಳಿ ಎಳೆದು ಇರಬಹುದು, ಇಲ್ಲವೇ 1745ರಲ್ಲಿ ಎಡ್ಮಂಡ್ ಲೀ ಪೇಟೆಂಟ್ ಪಡೆದ, ಟೊಪ್ಪಿಯ ಹಿಂಬದಿಯ ಪುಟ್ಟ ರೆಕ್ಕೆಚಕ್ರದಿಂದ ಇರಬಹುದು.

ನೆಲದ ಹುಲ್ಲಿನಲ್ಲಿ ಬಿದ್ದ ಕಲ್ಲುಗಳ ಬಳಿ ಹೆಚ್ಚು ಹೊತ್ತು ಕಳೆಯಿರಿ. ಹಲವು ತುಂಡುಗಳನ್ನು ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿದಿದ್ದರೆ, ಅದು ಗೋಧಿ ಹಿಟ್ಟಿಗೆ ಬಳಸುತ್ತಿದ್ದ ಫ್ರೆಂಚ್ ಬರ್ ಕಲ್ಲು. ಒಂದೇ ತುಂಡಿನ ಒರಟು ಬೂದು ಕಲ್ಲಾದರೆ ಡರ್ಬಿಶೈರ್ ಕಡೆಯದ್ದಿರಬಹುದು. ದನಕರುಗಳ ಮೇವಿನ ಕಾಳು ಬೀಸಲು ಅದು ಸಾಕಿತ್ತು. ನಡುತೂತಿನ ಪಕ್ಕದಲ್ಲಿ ಕಬ್ಬಿಣದ ಅಡ್ಡಪಟ್ಟಿ ಕೂರುವ ಕಚ್ಚುಗಳಿದ್ದರೆ ಅದು ತಿರುಗುವ ಮೇಲುಕಲ್ಲು. ನಮ್ಮ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹೊಡೆಸುವಂತೆ ಇವಕ್ಕೂ ಕಾಲುವೆ ಕೊರೆಯುತ್ತಿದ್ದರು. ಸಂಜೆ ಟಾರ್ಚನ್ನು ಕಲ್ಲಿನ ಮೈಗೆ ಓರೆಯಾಗಿ ಹಿಡಿದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಸವೆದ ಗೆರೆಯೂ ಎದ್ದು ಕಾಣುತ್ತದೆ.

ಐವಿ ಬಳ್ಳಿಯನ್ನು ಹಸಿಯಾಗಿರುವಾಗ ಎಳೆದರೆ ಗಾರೆಯೂ ಇಟ್ಟಿಗೆಯೂ ಜೊತೆಗೇ ಬರುತ್ತವೆ. ಬುಡದಲ್ಲಿ ಕತ್ತರಿಸಿ ಒಣಗಲು ಬಿಡಿ, ಅದೂ ಹಕ್ಕಿಗಳು ಗೂಡು ಕಟ್ಟದ ಕಾಲದಲ್ಲಿ. ಬಾವಲಿಗಳಿದ್ದರೆ ಕೆಲಸ ನಿಲ್ಲಿಸಿ ತಜ್ಞರನ್ನು ಕೇಳಿ. ಅವುಗಳನ್ನು ಕೆದಕುವುದು ಅಪರಾಧ. ದುರಸ್ತಿಗೆ ಸಿಮೆಂಟ್ ಬಳಸಲೇಬೇಡಿ: ನೀರು ಇಟ್ಟಿಗೆಗಳ ನಡುವಿನ ಸಂದಿನಿಂದ ಆರದೆ ಇಟ್ಟಿಗೆಯೊಳಗೆ ನಿಂತು, ಹಿಮಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಸಿಡಿಯುತ್ತದೆ. ಸಂರಕ್ಷಿತ ಕಟ್ಟಡವಾದರೆ ಸ್ಥಳೀಯ ಕೌನ್ಸಿಲ್ಲನ್ನು ಕೇಳದೆ ದುರಸ್ತಿಗೆ ಇಳಿಯಬೇಡಿ. ಅನುಮತಿ ಸಿಕ್ಕ ಮೇಲೆ ಸಂದನ್ನು ಅದರ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ಒಂದು ಪಾಲು ಹೈಡ್ರಾಲಿಕ್ ಸುಣ್ಣಕ್ಕೆ (ನೀರು ಬೆರೆತಾಗ ಗಟ್ಟಿಯಾಗುವ ಸುಣ್ಣ) ಎರಡೂವರೆಯಿಂದ ಮೂರು ಪಾಲು ಹರಳು ಮರಳು ಬೆರೆಸಿದ ಗಾರೆ ತುಂಬಿ. ತಾಪ 5 ಡಿಗ್ರಿಗಿಂತ ಇಳಿದರೆ ಕೆಲಸ ಬೇಡ. ಹೊಸ ಗಾರೆಗೆ ಕೆಲವು ದಿನ ಒದ್ದೆ ಗೋಣಿ ಹೊದಿಸಿಡಿ.

ಅಳತೆ, ನಕಾಶೆ, ಚಿತ್ರಗಳ ಒಂದು ಪ್ರತಿಯನ್ನು ಕೌಂಟಿಯ ಪರಂಪರೆ ದಾಖಲೆ ಕಚೇರಿಗೂ ಇನ್ನೊಂದನ್ನು ಗಿರಣಿಗಳ ದಾಖಲೆ ಕಾಪಿಡುವ ರೆಡಿಂಗ್‌ನ ಮಿಲ್ಸ್ ಆರ್ಕೈವ್‌ಗೂ ಕಳಿಸಿ. ಪ್ರತಿ ಚಿತ್ರಕ್ಕೂ ತಾರೀಖು, ನಕ್ಷೆಯಲ್ಲಿ ಜಾಗ ತೋರಿಸುವ ಗ್ರಿಡ್ ಸಂಖ್ಯೆ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು ಎಂಬುದು ಇರಲಿ.